ಸ್ಟಾಫ್ ರೂಮಿನ ಕಿರುಕುಳ: ನಂಬಿಕೆ ಏನು, ನಿಜ ಏನು

"ಬೈಯಲಿಲ್ಲ, ಹೊಡೆಯಲಿಲ್ಲ, ಇದ್ಯಾವ ಸೀಮೆ ಕಿರುಕುಳ?" ಶಿಕ್ಷಕಿಯೊಬ್ಬರು ಕಷ್ಟ ಹೇಳಿಕೊಂಡರೆ ಮೊದಲು ಎದುರಾಗುವ ಮಾತು ಇದೇ. ಆದರೆ ಕಿರುಕುಳ ಬಹುಪಾಲು ಸದ್ದಿಲ್ಲದೆ, ದಿನವೂ ನಡೆಯುವಂಥದ್ದು. ರಜೆ ಹಾಕಿದವರ ತರಗತಿಗಳನ್ನು ಹಂಚುವ ರಿಜಿಸ್ಟರ್ ತೆರೆದು ನೋಡಿ: ವಾರವಿಡೀ ಒಬ್ಬರದೇ ಬಿಡುವಿನ ಪೀರಿಯಡ್ ಹೋಗಿರುತ್ತದೆ. ಅವರ ಪಾಠ ಯೋಜನೆ ಮಾತ್ರ ಮತ್ತೆ ಮತ್ತೆ ವಾಪಸ್ ಬರುತ್ತದೆ, ಏನು ತಿದ್ದಬೇಕೆಂದು ಬರೆದಿರುವುದಿಲ್ಲ. ರಾತ್ರಿ ಹತ್ತಕ್ಕೆ ಶಾಲೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವರ ಹೆಸರು ಹಾಕಿ "ಕಾರಣ ತಿಳಿಸಿ" ಎಂಬ ಸಂದೇಶ. ಎಲ್ಲರೂ ಓದುತ್ತಾರೆ, ಒಬ್ಬರೂ ತುಟಿ ಬಿಚ್ಚುವುದಿಲ್ಲ. ಒಂದೊಂದನ್ನೇ ಹೇಳಿದರೆ ಕ್ಷುಲ್ಲಕ ಅನ್ನಿಸುತ್ತದೆ, ಅದಕ್ಕೇ ದೂರು ಕೊಡಲು ಹಿಂಜರಿಕೆ. ದಿನಾಂಕ ಹಾಕಿ ಬರೆದಿಡಿ. ಎಲ್ಲವನ್ನೂ ಒಟ್ಟಿಗೆ ಓದಿದವರಿಗೆ ಇದು ಆಕಸ್ಮಿಕವಲ್ಲ ಎಂದು ಗೊತ್ತಾಗುತ್ತದೆ. ಹೆಡ್‌ಮಾಸ್ಟರು ಕಾರಣ ಕೊಟ್ಟು ಪಾಠ ತಿದ್ದಿದರೆ ಅದು ಮೇಲ್ವಿಚಾರಣೆ, ಅದನ್ನು ಕಿರುಕುಳದೊಂದಿಗೆ ಬೆರೆಸಬಾರದು.

ಕಿರುಕುಳ ಕೊಡುವವರು ಮೇಲಿನವರು ಮಾತ್ರ ಎಂಬುದೂ ತಪ್ಪು. ಸಹೋದ್ಯೋಗಿಗಳು, ಪೋಷಕರೂ ಕೊಡುತ್ತಾರೆ.

"ಖಾಸಗಿ ಶಾಲೆ, ನಾಳೆಯಿಂದ ಬರಬೇಡಿ ಅಂದರೆ ಮುಗೀತು." ಹಾಗೆ ಮುಗಿಯುವುದಿಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆ 1983ರ 92ನೇ ಕಲಂ ಪ್ರಕಾರ ವಿಚಾರಣೆ ನಡೆಸದೆ ನೌಕರರನ್ನು ವಜಾ ಮಾಡುವಂತಿಲ್ಲ. ವಜಾ ಆದೇಶ ಕೈಸೇರಿದ ಮೂರು ತಿಂಗಳೊಳಗೆ 94ನೇ ಕಲಂ ಅಡಿ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಆಡಳಿತ ಮಂಡಳಿಗಳಿಗೆ ಇದು ಚೆನ್ನಾಗಿ ಗೊತ್ತು. ವಜಾ ಮಾಡುವ ಗೋಜಿಗೆ ಹೋಗದೆ ಕೂರಿಸಿಕೊಂಡು ರಾಜೀನಾಮೆ ಬರೆಸಿಕೊಳ್ಳುವುದು ಅದಕ್ಕೇ. ಒತ್ತಡಕ್ಕೆ ಮಣಿದು ಅಲ್ಲೇ ಸಹಿ ಹಾಕಬೇಡಿ. ಕೊನೆಗೆ ಕೆಲಸ ಬಿಟ್ಟರೂ, ಐದು ವರ್ಷ ಸೇವೆ ಮುಗಿಸಿದ್ದರೆ ಗ್ರಾಚ್ಯುಟಿ ನಿಮ್ಮ ಹಕ್ಕು. ಖಾಸಗಿ ಶಾಲಾ ಶಿಕ್ಷಕರಿಗೂ ಅದು ಸಲ್ಲಬೇಕೆಂಬ ಕಾನೂನನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿದಿದೆ.

ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಎಲ್ಲ ಕಿರುಕುಳಕ್ಕೂ ಅನ್ವಯ ಎಂದುಕೊಂಡವರಿದ್ದಾರೆ. ಅದು ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳಕ್ಕಷ್ಟೇ. ಉಳಿದದ್ದಕ್ಕೆ ನಮ್ಮಲ್ಲಿ ಪ್ರತ್ಯೇಕ ಕಾನೂನೇ ಇಲ್ಲ. ಇದು ದೊಡ್ಡ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ಭಯ: ಮನೋವೈದ್ಯರ ಹತ್ತಿರ ಹೋದರೆ "ತಲೆ ಕೆಟ್ಟವರು" ಎಂಬ ಹಣೆಪಟ್ಟಿ ಬೀಳುತ್ತದೆ ಎಂಬುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ, ಕಾಯಿಲೆ ಇದೆ ಎಂದ ಮಾತ್ರಕ್ಕೆ ಯಾರೂ ಬುದ್ಧಿಸ್ಥಿಮಿತ ಇಲ್ಲದವರಾಗುವುದಿಲ್ಲ. ಚಿಕಿತ್ಸೆಯ ವಿವರವನ್ನು ಗೋಪ್ಯವಾಗಿ ಇಡುವುದು ವೈದ್ಯರ ಹೊಣೆ. ಭಾನುವಾರ ಸಂಜೆಯಾದರೆ ಹೊಟ್ಟೆ ತೊಳೆಸುವುದು, ಶಾಲೆಯ ಗೇಟು ಕಂಡರೆ ಎದೆ ಹೊಡೆದುಕೊಳ್ಳುವುದು ವಾರಗಟ್ಟಲೆ ನಡೆದಿದ್ದರೆ ಬೇಸಿಗೆ ರಜೆಗೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.