ಬರಿದಾದ ಫಿರಂಗಿ ಠಾಣೆ

ಫ್ರಾನ್ಸ್ ದೇಶದ ನಾರ್ಮಂಡಿ ಪ್ರಾಂತದಲ್ಲಿ, ಇಂಗ್ಲಿಷ್ ಕಡಲ್ಗಾಲುವೆಯೊಳಕ್ಕೆ ಮೂಗಿನಂತೆ ಚಾಚಿಕೊಂಡಿರುವ ಕಡಿದಾದ ಬಂಡೆಯೊಂದುಂಟು. ಅದರ ಹೆಸರು ಪ್ವಾಂತ್ ದ್ಯು ಓಕ್; ಎತ್ತರ ಸುಮಾರು ೩೦ ಮೀಟರು. ಅದರ ನೆತ್ತಿಯ ಮೇಲೆ ಇಂದು ಹಸುರು ಹುಲ್ಲು ಹರಡಿದೆ. ಆದರೆ ಬಾಂಬುಗಳು ತೋಡಿದ ಹಳ್ಳಗಳನ್ನೂ ಸೀಳಿಬಿದ್ದ ಕಾಂಕ್ರೀಟು ಗೋಡೆಗಳನ್ನೂ ಆ ಹುಲ್ಲು ಮರೆಮಾಡಲಾರದು.

ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸ್ ತನ್ನ ಕೈವಶವಾದ ಬಳಿಕ, ಕಡಲಿನಿಂದ ಶತ್ರುಗಳು ಬಂದಿಳಿಯದಂತೆ ಹಿಟ್ಲರನು ನಾರ್ವೆಯಿಂದ ಸ್ಪೇನಿನ ಗಡಿಯವರೆಗೆ ರಕ್ಷಣಾ ಠಾಣೆಗಳ ಸಾಲನ್ನು ಕಟ್ಟಿಸತೊಡಗಿದನು. 'ಅಟ್ಲಾಂಟಿಕ್ ಗೋಡೆ' ಎಂದು ಅದಕ್ಕೆ ಹೆಸರಾಯಿತು. ಪ್ವಾಂತ್ ದ್ಯು ಓಕ್ ಆ ಸಾಲಿನ ಒಂದು ಠಾಣೆ. ಅಲ್ಲಿ ನಿಲ್ಲಿಸಿದ್ದ ೧೫೫ ಮಿಲಿಮೀಟರಿನ ಆರು ಫಿರಂಗಿಗಳು ಜರ್ಮನಿಯವಲ್ಲ. ಸೋತ ಫ್ರಾನ್ಸಿನಿಂದಲೇ ಕಿತ್ತುಕೊಂಡವು. ಅಮೆರಿಕದ ಸೈನ್ಯ ಇಳಿಯಬೇಕಾಗಿದ್ದ ಒಮಾಹಾ, ಯೂಟಾ ಎಂಬ ಎರಡು ತೀರಗಳೂ ಅವುಗಳ ಗುರಿಗೆ ಸಿಕ್ಕುವಂತಿದ್ದವು.

೧೯೪೪ರ ಜೂನ್ ೬ರ ಬೆಳಗ್ಗೆ ಈ ಫಿರಂಗಿಗಳ ಬಾಯಿ ಮುಚ್ಚಿಸುವ ಹೊಣೆ ೨೨೫ ಮಂದಿ ಅಮೆರಿಕನ್ ರೇಂಜರ್ ಯೋಧರ ಮೇಲೆ ಬಿದ್ದಿತು. ಅವರ ನಾಯಕ ಲೆಫ್ಟಿನೆಂಟ್ ಕರ್ನಲ್ ಜೇಮ್ಸ್ ರಡರ್. ಯುದ್ಧಕ್ಕೆ ಮುನ್ನ ಟೆಕ್ಸಸಿನಲ್ಲಿ ಶಾಲಾ ಉಪಾಧ್ಯಾಯನಾಗಿಯೂ ಫುಟ್ಬಾಲ್ ಶಿಕ್ಷಕನಾಗಿಯೂ ಇದ್ದವನು. ದೋಣಿಗಳು ದಿಕ್ಕು ತಪ್ಪಿದ್ದರಿಂದ ಬಂಡೆಯ ಬುಡವನ್ನು ಮುಟ್ಟುವಾಗ ಸುಮಾರು ನಲವತ್ತು ನಿಮಿಷ ತಡವಾಗಿತ್ತು. ಕೊಕ್ಕೆ ಕಟ್ಟಿದ ಹಗ್ಗಗಳನ್ನು ಬಾಣಗಳಂತೆ ಮೇಲಕ್ಕೆ ಹಾರಿಸಿದರು. ಕಡಲ ನೀರಿನಲ್ಲಿ ನೆನೆದು ಭಾರವಾಗಿದ್ದ ಎಷ್ಟೋ ಹಗ್ಗಗಳು ತುದಿ ಮುಟ್ಟದೆ ಕೆಳಗೆ ಬಿದ್ದವು. ಮೇಲಿನಿಂದ ಗುಂಡುಗಳೂ ಕೈಬಾಂಬುಗಳೂ ಸುರಿಯುತ್ತಿದ್ದವು. ಆದರೂ ಅವರು ಏರಿದರು.

ಏರಿ ನೋಡಿದರೆ ಫಿರಂಗಿಗಳೇ ಇಲ್ಲ! ಅವುಗಳ ತಾಣದಲ್ಲಿದ್ದುದು ಮರದ ದಿಮ್ಮಿಗಳು. ವಿಮಾನದಾಳಿಗೆ ಅಂಜಿ ಜರ್ಮನರು ಫಿರಂಗಿಗಳನ್ನು ಮೊದಲೇ ಹಿಂದಕ್ಕೆ ಸಾಗಿಸಿದ್ದರು.

ಹಾಗಾದರೆ ಸತ್ತವರೆಲ್ಲ ವ್ಯರ್ಥವಾಗಿ ಸತ್ತರೇ? ಈ ಪ್ರಶ್ನೆಗೆ ಉತ್ತರ ಅದೇ ಬೆಳಗ್ಗೆ ದೊರೆಯಿತು. ಲೆನರ್ಡ್ ಲೊಮೆಲ್, ಜ್ಯಾಕ್ ಕೂನ್ ಎಂಬಿಬ್ಬರು ಯೋಧರು ನೆಲದ ಮೇಲಿನ ಜಾಡು ಹಿಡಿದು ಒಳನಾಡಿನತ್ತ ನಡೆದಾಗ, ಐದು ಫಿರಂಗಿಗಳು ಮರಗಳ ಮರೆಯಲ್ಲಿ ಮದ್ದುಗುಂಡು ಸಹಿತ ಯೂಟಾ ತೀರದ ಕಡೆಗೆ ಬಾಯಿ ತೆರೆದು ನಿಂತಿದ್ದವು. ಪಕ್ಕದಲ್ಲಿ ಕಾವಲಿರಲಿಲ್ಲ. ಲೋಹವನ್ನೇ ಕರಗಿಸುವ ಬೆಂಕಿಬಾಂಬುಗಳನ್ನಿಟ್ಟು ಇಬ್ಬರೂ ಅವುಗಳನ್ನು ಕೆಡಿಸಿದರು. ಬಂಡೆಯನ್ನು ಏರದಿದ್ದರೆ ಅವು ಕಣ್ಣಿಗೆ ಬೀಳುತ್ತಿರಲಿಲ್ಲ.

ಜೂನ್ ೮ರಂದು ನೆರವಿನ ಪಡೆ ಬಂದು ಸೇರುವ ಹೊತ್ತಿಗೆ, ಆಯುಧ ಹಿಡಿಯಲು ಶಕ್ತರಾಗಿ ಉಳಿದಿದ್ದವರು ಸುಮಾರು ೯೦ ಮಂದಿ ಮಾತ್ರ.

ಜರ್ಮನರು ಕಡಲನ್ನು ಕಾಯುತ್ತಿದ್ದ ವೀಕ್ಷಣಾಗೃಹದ ಮೇಲೆಯೇ ಫ್ರೆಂಚರು ನಿಲ್ಲಿಸಿದ ಕಲ್ಲುಕಂಬವೊಂದು ಈಗ ಆ ಯೋಧರ ಸ್ಮಾರಕವಾಗಿದೆ. ಅದರ ಕೆಳಗೆ, ಮನುಷ್ಯನ ಸೋಲುಗೆಲುವುಗಳ ಪರಿವೆಯಿಲ್ಲದೆ, ಅಲೆಗಳು ಬಂಡೆಯನ್ನು ದಿನದಿನವೂ ಕೊರೆಯುತ್ತಿವೆ.