ಊರಿಂದ ಅಮ್ಮ ಬರ್ತಾರೆ... ಹಸು ಯಾರು ನೋಡ್ತಾರೆ?

ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಮಗು ಹುಟ್ಟಿದರೆ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: "ಮಗೂನ ಯಾರು ನೋಡ್ಕೋತಾರೆ?" ಇದನ್ನ ಹೆಂಡತಿಗೇ ಕೇಳ್ತಾರೆ, ಗಂಡನಿಗೆ ಕೇಳೋದು ಅಪರೂಪ. ಉತ್ತರವೂ ರೆಡಿ ಇರುತ್ತೆ: "ಊರಿಂದ ಅಮ್ಮ ಬರ್ತಾರೆ." ಅಲ್ಲಿಗೆ ಮಾತು ಮುಗೀತು. ಆ ಅಮ್ಮ ಊರಲ್ಲಿ ಏನು ಮಾಡ್ತಿದ್ದರು, ಅವರು ಬಂದರೆ ಆ ಕೆಲಸ ಏನಾಗುತ್ತೆ ಅಂತ ಯಾರೂ ಕೇಳಲ್ಲ.

ನಮ್ಮೂರು ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರ. ಕೋಲಾರ ದಾಟಿ ತಿರುಪತಿ ಕಡೆ ಹೋಗಿದ್ದರೆ ನಮ್ಮ ಬೆಟ್ಟ ನೋಡಿರ್ತೀರಿ. ವರ್ಷವಿಡೀ ಹರಿಯೋ ನದಿ ಇಲ್ಲದ ಜಿಲ್ಲೆ ನಮ್ಮದು. ಬೋರ್‌ವೆಲ್ ಕೈಕೊಟ್ಟರೂ, ಟೊಮೇಟೊ ರೇಟು ಬಿದ್ದರೂ ಮನೆ ನಡೆಸೋದು ಹಾಲು. ನಮ್ಮಮ್ಮನಿಗೆ ಮೂರು ಹಸು. ಬೆಳಗ್ಗೆ, ಸಂಜೆ ಡೈರಿಗೆ ಹಾಲು ಹಾಕ್ತಾರೆ. ಬಟವಾಡೆ ಅವರ ಅಕೌಂಟಿಗೇ ಬರುತ್ತೆ, ಜೊತೆಗೆ ಲೀಟರ್ ಲೆಕ್ಕದಲ್ಲಿ ಸರ್ಕಾರದ ಪ್ರೋತ್ಸಾಹಧನ. ನಾನು ಎಂಜಿನಿಯರಿಂಗ್ ಓದುವಾಗ ಹಾಸ್ಟೆಲ್ ಫೀಸು ಕಟ್ಟಿದ್ದೂ ಅದೇ ದುಡ್ಡು.

ನನ್ನ ಹೆಂಡತಿಗೆ ಏಳು ತಿಂಗಳಾದಾಗ ಅಮ್ಮ ನೇರವಾಗಿ ಹೇಳಿದರು: "ನಾನ್ ಬರ್ತೀನಪ್ಪ. ಆದ್ರೆ ಹಸ ಮಾರ್ಬೇಕಾಗುತ್ತೆ. ಅದೊಂದು ನೀನೇ ಯೋಚ್ನೆ ಮಾಡಿ ಹೇಳು."

ಯೋಚನೆ ಮಾಡಿದೆವು. ನಾವಿಬ್ಬರೂ ಕೆಲಸ ಉಳಿಸಿಕೊಳ್ಳೋಕೆ ಮನೆಯ ಮೂರನೇ ದುಡಿಯುವ ಹೆಂಗಸು ತನ್ನ ಕೆಲಸ ಬಿಡಬೇಕು ಅಂದರೆ, ಅದು ಜವಾಬ್ದಾರಿ ಹಂಚಿಕೊಳ್ಳೋದಲ್ಲ, ದಾಟಿಸೋದು. ಹಸು ಮಾರೋದು ಬೇಡ ಅಂತ ತೀರ್ಮಾನ ಆಯ್ತು.

ಇನ್ನು ಕಾನೂನು ಏನು ಕೊಡುತ್ತೆ ನೋಡಿ. 2017ರ ತಿದ್ದುಪಡಿ ಆದಮೇಲೆ ಮೊದಲ ಎರಡು ಮಕ್ಕಳಿಗೆ ತಾಯಿಗೆ 26 ವಾರ ಸಂಬಳ ಸಹಿತ ರಜೆ. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಿ ಬರಬಹುದು. ಅಪ್ಪನಿಗೆ? ಕೇಂದ್ರ ಸರ್ಕಾರಿ ನೌಕರನಾದರೆ 15 ದಿನ. ಖಾಸಗಿ ಕಂಪನಿಯಲ್ಲಿ ಕಡ್ಡಾಯವಾಗಿ ಇಷ್ಟು ದಿನ ಅಂತ ಇಲ್ಲ, ಕಂಪನಿ ಕೊಟ್ಟಷ್ಟೇ. ಮಗು ನೋಡಿಕೊಳ್ಳೋದು ತಾಯಿಯ ಕೆಲಸ ಅಂತ ಕಾನೂನೇ ಅರ್ಧ ತೀರ್ಮಾನ ಮಾಡಿಬಿಟ್ಟಿದೆ. ಉಳಿದರ್ಧ ಮನೆಯಲ್ಲಿ ಆಗುತ್ತೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಮನೆಯವರ ಆರೈಕೆ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 134 ನಿಮಿಷ ಕೊಡ್ತಾರೆ, ಗಂಡಸರು 76. ಮನೆಗೆಲಸದಲ್ಲಿ ಅಂತರ ಇನ್ನೂ ದೊಡ್ಡದು: 299 ನಿಮಿಷ, 97 ನಿಮಿಷ. ಅದೂ ಆ ಕೆಲಸಕ್ಕೆ ಕೈಹಾಕುವ ಗಂಡಸರ ಲೆಕ್ಕ. ಕೈಹಾಕದವರೇ ಜಾಸ್ತಿ.

ನಾವು ಮಾಡಿಕೊಂಡ ವ್ಯವಸ್ಥೆ ಹೀಗಿದೆ. ಅವಳ ರಜೆ ಮುಗಿಯುವ ಹೊತ್ತಿಗೆ ನನ್ನ ಗಳಿಕೆ ರಜೆ ಕೂಡಿಸಿಟ್ಟಿದ್ದೆ, ಒಂದು ತಿಂಗಳು ನಾನೊಬ್ಬನೇ ಮಗು ಜೊತೆ ಇದ್ದೆ. ರಾಗಿ ಸರಿ ಗಂಟಾಗದ ಹಾಗೆ ಕಲಸೋದು, ಯಾವ ಅಳು ಹಸಿವಿಗೆ, ಯಾವುದು ನಿದ್ದೆಗೆ, ಎಲ್ಲ ಕಲಿತಿದ್ದು ಆ ತಿಂಗಳೇ. ಆಮೇಲೆ ಡೇಕೇರ್. ಅಲ್ಲಿಯ ಫಾರಂನಲ್ಲಿ ಮೊದಲ ಫೋನ್ ನಂಬರ್ ನನ್ನದು. ಸಾಫ್ಟ್‌ವೇರ್‌ನವರಿಗೆ ಆನ್-ಕಾಲ್ ಗೊತ್ತಲ್ಲ, ಪ್ರೈಮರಿಗೆ ಮೊದಲು ಅಲರ್ಟ್ ಬರುತ್ತೆ, ಸೆಕೆಂಡರಿ ಕರೆದಾಗ ಬರ್ತಾನೆ. "ನಾನೂ ಹೆಲ್ಪ್ ಮಾಡ್ತೀನಿ" ಅನ್ನೋ ಅಪ್ಪ ಯಾವತ್ತೂ ಸೆಕೆಂಡರಿ. ಮಗುವಿಗೆ ಜ್ವರ ಬಂದರೆ ಯಾರು ರಜೆ ಹಾಕಬೇಕು ಅನ್ನೋದಕ್ಕೆ ಸರಳ ನಿಯಮ: ಬೆಸ ತಾರೀಖು ನನ್ನದು, ಸರಿ ತಾರೀಖು ಅವಳದು. "ಇವತ್ತು ನನ್ನ ಮೀಟಿಂಗ್ ದೊಡ್ಡದು" ಅನ್ನೋ ಜಗಳಕ್ಕೆ ಜಾಗ ಇಲ್ಲ.

ದುಡ್ಡಿನ ಮಾತೂ ಬಂತು. "ಡೇಕೇರ್ ಫೀಸಿಗೇ ಅವಳ ಸಂಬಳದಲ್ಲಿ ಅಷ್ಟು ಹೋಗುತ್ತೆ, ಕೆಲಸ ಬಿಡಿಸಬಾರದಾ?" ಅಂದರು ನೆಂಟರು. ಫೀಸು ಅವಳ ಸಂಬಳದಿಂದಲೇ ಯಾಕೆ ಕಳೆಯಬೇಕು? ಮಗು ಇಬ್ಬರದು, ಫೀಸೂ ಇಬ್ಬರದು. ಅರ್ಧ ಅರ್ಧ ಹಾಕಿ ನೋಡಿದರೆ ಲೆಕ್ಕ ಬೇರೆಯೇ ಕಾಣುತ್ತೆ.

ಊರಲ್ಲಿ ಅಮ್ಮನಿಗೂ ಮಾತು ತಪ್ಪಲಿಲ್ಲ. "ಮೊಮ್ಮಗು ನೋಡ್ಕೊಳ್ಳೋಕೂ ಹೋಗಲ್ವೇನಕ್ಕಾ?" ಅಂತ ಡೈರಿ ಹತ್ತಿರವೇ ಕೇಳಿದರಂತೆ. ಅಮ್ಮ ಬರ್ತಾರೆ, ಹತ್ತು ದಿನ ಇರ್ತಾರೆ, ಮಗುಗೆ ಎಣ್ಣೆ ನೀರು ಹಾಕಿ, ಮುದ್ದು ಮಾಡಿ ಹೋಗ್ತಾರೆ. ಆ ಹತ್ತು ದಿನ ಹಾಲು ಕರೆಯೋದು ಅಪ್ಪ. ಮೊದಮೊದಲು ಹಸು ಅವರಿಗೆ ಸರಿಯಾಗಿ ಹಾಲು ಕೊಡ್ತಿರಲಿಲ್ಲ, ಈಗ ಒಗ್ಗಿದೆ.

ಹಳ್ಳಿಯ ಹೆಂಗಸರಿಗೂ ಈ ಕಷ್ಟ ಇದೆ ಅಂತ ಸರ್ಕಾರಕ್ಕೂ ಗೊತ್ತಾಗಿದೆ. ನರೇಗಾ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ 2023-24ರ ರಾಜ್ಯ ಬಜೆಟ್ ಹೇಳಿತು. ಗುದ್ದಲಿ ಹಿಡಿಯುವ ತಾಯಿಗೆ ಪಂಚಾಯಿತಿಯೇ ಜಾಗ ಮಾಡಿಕೊಡುತ್ತೆ ಅಂದಮೇಲೆ, ಎಸಿ ಆಫೀಸಿನಲ್ಲಿ ಕೂರುವ ನಾವು ಕೇಳೋಕೆ ಯಾಕೆ ಹಿಂಜರೀಬೇಕು?

ನಿಮ್ಮ ಮನೆಗೂ ಮಗು ಬರುವುದಿದ್ದರೆ ಮೂರು ಕೆಲಸ ಈಗಲೇ ಮಾಡಿ. ಶಿಶುಪಾಲನಾ ಸೌಲಭ್ಯ ಏನಿದೆ ಅಂತ ಎಚ್‌ಆರ್‌ಗೆ ಇಮೇಲ್ ಹಾಕಿ, ಅಪ್ಪಂದಿರೂ ಹಾಕಿ. ರಜೆಯನ್ನ ಒಬ್ಬರದಾದ ಮೇಲೆ ಒಬ್ಬರದು ಬರುವ ಹಾಗೆ ಜೋಡಿಸಿ. ಮೂರನೆಯದು, ಅಮ್ಮನನ್ನೋ ಅತ್ತೆಯನ್ನೋ ಕರೆಯೋ ಮುಂಚೆ ಅವರು ಬಿಟ್ಟು ಬರಬೇಕಾದ್ದು ಏನು ಅಂತ ಕೇಳಿ. ಸಂತೋಷವಾಗಿ ಬರ್ತೀನಿ ಅಂದರೆ ಬರಲಿ. ಆದರೆ ಆ ಮಾತು ಅವರ ಬಾಯಿಂದಲೇ ಬರಲಿ.