ಬಿಸಿಲಿನ ಪಾಠ: ಶಾಲೆಯ ಅಂಗಳದಿಂದ ಅರಿಶಿನದ ಕೊಪ್ಪರಿಗೆಯವರೆಗೆ

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಅರಿಶಿನದ ಕೊಯ್ಲು ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ ನಡೆಯುತ್ತದೆ. ಕಿತ್ತ ಗಡ್ಡೆಯನ್ನು ಬೇಯಿಸಿ, ಹತ್ತು-ಹದಿನೈದು ದಿನ ಒಣಗಿಸಿ, ಮೆರುಗು ಕೊಟ್ಟ ಬಳಿಕವೇ ಅದು ಮಾರುಕಟ್ಟೆಯ ಸರಕಾಗುತ್ತದೆ. ಒಣಗಿಸುವ ಕೆಲಸವನ್ನು ಸೂರ್ಯನಿಗೆ ಒಪ್ಪಿಸುವ ರೈತನು ಬೇಯಿಸುವುದಕ್ಕೆ ಮಾತ್ರ ಉರುವಲನ್ನು ಹೊಂದಿಸಬೇಕಾಗುತ್ತದೆ. ಅದೇ ಬಿಸಿಲಿನಿಂದ ಬೇಯಿಸಲೂ ಸಾಧ್ಯವೇ? ಈ ಪ್ರಶ್ನೆಯನ್ನು ಪರೀಕ್ಷಿಸಲು ಶಾಲೆಯ ಅಂಗಳವೇ ಸೂಕ್ತ ಸ್ಥಳ.

ಪಠ್ಯದಿಂದ ಪ್ರಯೋಗಕ್ಕೆ

ನಿಮ್ನ ದರ್ಪಣವು ಸಮಾಂತರ ಕಿರಣಗಳನ್ನು ಒಂದೆಡೆ ಸೇರಿಸುತ್ತದೆ ಎಂಬುದು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಸೌರ ಒಲೆಯಾಗಿ ಬಳಕೆಯಲ್ಲಿರುವ, 1.4 ಮೀಟರ್ ವ್ಯಾಸದ ಪರವಲಯಾಕಾರದ ತಟ್ಟೆಯೊಂದಿದ್ದರೆ ಈ ಪಾಠವನ್ನು ಕಣ್ಣಾರೆ ಕಾಣಬಹುದು. ಅದರ ವಿಸ್ತೀರ್ಣ ಸುಮಾರು 1.5 ಚದರ ಮೀಟರ್. ಚದರ ಮೀಟರಿಗೆ 800 ವ್ಯಾಟ್ ನೇರ ಬಿಸಿಲು ಬಿದ್ದು, ಅದರಲ್ಲಿ ಅರ್ಧದಷ್ಟು ಪಾತ್ರೆಗೆ ತಲುಪಿದರೆ 600 ವ್ಯಾಟ್ ಶಾಖ ದೊರೆಯುತ್ತದೆ. ಎರಡು ಲೀಟರ್ ನೀರು ಕುದಿಯಲು ಸುಮಾರು 17 ನಿಮಿಷ ಸಾಕು.

ಪಾತ್ರೆಯ ಹೊರಮೈಗೆ ಕಪ್ಪು ಬಣ್ಣ ಬಳಿದಾಗ ಮತ್ತು ಬಳಿಯದಿದ್ದಾಗ ಆಗುವ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಉಷ್ಣಮಾಪಕದಿಂದ ಅಳೆಯಬಹುದು. ಮೋಡ ಅಡ್ಡ ಬಂದೊಡನೆ ಶಾಖ ನಿಂತುಹೋಗುವುದೂ ಒಂದು ಪಾಠವೇ. ವಿದ್ಯುತ್ ನೀಡುವ ಸೌರಫಲಕವು ಚದುರಿದ ಬೆಳಕಿನಲ್ಲಿಯೂ ಅಷ್ಟಿಷ್ಟು ಕೆಲಸ ಮಾಡುತ್ತದೆ. ಸಾಂದ್ರೀಕೃತ ಸೌರಶಕ್ತಿಗೆ ನೇರ ಬಿಸಿಲೇ ಬೇಕು. ಸೂರ್ಯ ಸರಿದಂತೆ ತಟ್ಟೆಯನ್ನೂ ಆಗಾಗ ತಿರುಗಿಸಬೇಕು. ಕಿರಣಗಳು ಸೇರುವ ಬಿಂದುವನ್ನು ಬರಿಗಣ್ಣಿನಿಂದ ನೋಡಬಾರದು, ಅಲ್ಲಿಗೆ ಕೈ ಒಡ್ಡಬಾರದು. ಪ್ರಯೋಗ ಮುಗಿದ ಕೂಡಲೇ ತಟ್ಟೆಯನ್ನು ಮುಚ್ಚಿಡಬೇಕು.

ಲೆಕ್ಕ ಏನು ಹೇಳುತ್ತದೆ?

ಈ ವಿದ್ಯೆ ಹೊಸದಲ್ಲ. 1878ರಲ್ಲಿಯೇ ಮುಂಬಯಿಯಲ್ಲಿದ್ದ ವಿಲಿಯಂ ಆಡಮ್ಸ್ ಅವರು ಉಷ್ಣವಲಯದ ದೇಶಗಳಲ್ಲಿ ಇಂಧನದ ಬದಲು ಸೂರ್ಯನ ಶಾಖವನ್ನು ಬಳಸುವ ಕುರಿತು ಪುಸ್ತಕ ಪ್ರಕಟಿಸಿದ್ದರು. 2009ರಲ್ಲಿ ಶಿರಡಿಯ ಸಾಯಿ ಸಂಸ್ಥಾನದ ಪ್ರಸಾದಾಲಯದಲ್ಲಿ 73 ತಟ್ಟೆಗಳ ಸೌರ ಹಬೆ ಅಡುಗೆ ವ್ಯವಸ್ಥೆಯನ್ನು ಅಳವಡಿಸಲಾಯಿತು.

ಆದರೆ ಉತ್ಸಾಹಕ್ಕೆ ಲೆಕ್ಕದ ಕಡಿವಾಣವಿರಬೇಕು. ಶಾಲೆಯ ತಟ್ಟೆಯಿಂದ 200 ಲೀಟರ್ ನೀರನ್ನು ಕುದಿಸಲು ಸುಮಾರು 28 ಗಂಟೆಗಳ ಬಿಸಿಲು ಬೇಕು. ಶಾಖ ಸೋರಿಕೆ ಸೇರಿದರೆ ಇನ್ನೂ ಹೆಚ್ಚು. ಹತ್ತು ಪಟ್ಟು ವಿಸ್ತೀರ್ಣದ ತಟ್ಟೆಗೆ ಅದು ಮೂರು ಗಂಟೆಯ ಕೆಲಸ. ಅಂದರೆ ಮನೆಯ ಒಲೆಯ ಅಳತೆಯ ಸಾಧನದಿಂದ ಕೊಪ್ಪರಿಗೆಯ ಕೆಲಸವಾಗದು. ದೊಡ್ಡ ತಟ್ಟೆ, ಅದನ್ನು ಹಂಚಿಕೊಳ್ಳುವ ರೈತರ ಗುಂಪು, ಮೋಡದ ದಿನಕ್ಕೆ ಬದಲಿ ಉರುವಲು, ಈ ಮೂರೂ ಬೇಕು. ರೇಷ್ಮೆಗೂಡು ಬೇಯಿಸುವ ಘಟಕಗಳಲ್ಲಿ ನೀರನ್ನು ಮೊದಲೇ ಬಿಸಿಮಾಡಿಕೊಂಡರೂ ಉರುವಲು ಅಷ್ಟರಮಟ್ಟಿಗೆ ಉಳಿಯುತ್ತದೆ.

ಅರಿಶಿನ ಬೇಯಿಸುವ ತಿಂಗಳುಗಳು ಇಲ್ಲಿ ಮಳೆಗಾಲದ ಮೋಡವಿಲ್ಲದ ತಿಂಗಳುಗಳೂ ಹೌದು. ಬೇಡಿಕೆ ಮತ್ತು ಬಿಸಿಲು ಹೀಗೆ ಒಂದೇ ಕಾಲಕ್ಕೆ ಒದಗುವ ಉದ್ಯಮಗಳು ವಿರಳ. ಬಂಡೀಪುರದ ಕಾಡಿನ ಅಂಚಿನಲ್ಲಿರುವ ಗುಂಡ್ಲುಪೇಟೆಯಂತಹ ತಾಲ್ಲೂಕಿನಲ್ಲಿ ಉಳಿದ ಪ್ರತಿ ಹೊರೆ ಸೌದೆಗೂ ಬೆಲೆಯಿದೆ.

ಸ್ಥಳೀಯ ವರ್ತಕರು ಮತ್ತು ಉದ್ದಿಮೆದಾರರು ತಮ್ಮ ಊರಿನ ಶಾಲೆಗೆ ಒಂದು ತಟ್ಟೆಯನ್ನು ಒದಗಿಸಿದರೆ ಅದು ದಾನವಷ್ಟೇ ಆಗದು. ಅರಿಶಿನ ಬೆಳೆಯುವ ಮನೆಗಳ ಮಕ್ಕಳು ತಾವೇ ಅಳೆದ ನಿಮಿಷ ಮತ್ತು ಡಿಗ್ರಿಗಳ ಲೆಕ್ಕವನ್ನು ಮನೆಗೆ ಒಯ್ಯುತ್ತಾರೆ. ಸೌರ ಕೊಪ್ಪರಿಗೆಗೆ ಬಂಡವಾಳ ಹೂಡಬೇಕೇ ಬೇಡವೇ ಎಂಬ ಮಾತು ಆ ಲೆಕ್ಕದಿಂದ ಆರಂಭವಾಗುವುದು ಎಲ್ಲರಿಗೂ ಕ್ಷೇಮಕರ.